ಐವತ್ತೋ, ಮೂವತ್ತೈದೋ? ಮೊದಲು ನಿಮ್ಮ ಹಾಲ್ ಅಳೆಯಿರಿ

ಮಿರರ್‌ಲೆಸ್ ಕ್ಯಾಮೆರಾ ಕೊಂಡ ಹೊಸದರಲ್ಲಿ ಎಲ್ಲವೂ ಚೆಂದ. ಟ್ರಿಪ್‌ಗೆ ಹೋದಾಗ ಹಗಲು ಬೆಳಕಲ್ಲಿ ತೆಗೆದ ಫೋಟೊಗಳೆಲ್ಲ ಸೂಪರ್. ಆಮೇಲೆ ಮನೆಯಲ್ಲಿ ಮಗುವಿನ ಹುಟ್ಟುಹಬ್ಬ ಬರುತ್ತೆ. ಸಂಜೆ ಏಳೂವರೆ, ಹಾಲ್‌ನಲ್ಲಿ ಒಂದೇ ಟ್ಯೂಬ್‌ಲೈಟ್, ಮಗು ಒಂದು ಕಡೆ ನಿಲ್ಲಲ್ಲ. ಅರ್ಧ ಫೋಟೊ ಶೇಕ್, ಇನ್ನರ್ಧ ಕಾಳುಕಾಳು. ‘ಒಂದು ಪ್ರೈಮ್ ಲೆನ್ಸ್ ತಗೋಬೇಕು’ ಅನ್ನೋ ಯೋಚನೆ ಶುರುವಾಗೋದೇ ಅಲ್ಲಿಂದ.

ಯೋಚನೆ ಸರಿಯಾದದ್ದೇ. ಕಿಟ್ ಲೆನ್ಸ್ ಪೂರ್ತಿ ಜೂಮ್ ಮಾಡಿದಾಗ ಸಾಮಾನ್ಯವಾಗಿ ಸಿಗೋದು ಎಫ್/5.6 ಅಪರ್ಚರ್. ಎಫ್/1.8 ಲೆನ್ಸ್ ಅದರ ಹತ್ತಿರಹತ್ತಿರ ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತೆ. ಅಂದರೆ ಅಲ್ಲಿ ಶಟರ್ 1/25 ಸೆಕೆಂಡ್ ಇಡಬೇಕಾದ ಕಡೆ ಇಲ್ಲಿ 1/250 ಸಿಗುತ್ತೆ. ಓಡಾಡೋ ಮಗುವಿಗೆ ಬೇಕಾಗಿರೋದು ಇದೇ. ಕ್ಯಾಮೆರಾದ ಸ್ಟೆಬಿಲೈಸೇಶನ್ ನಿಮ್ಮ ಕೈನಡುಕವನ್ನು ಸರಿಮಾಡಬಹುದು, ಮಗುವಿನ ಓಟವನ್ನಲ್ಲ.

ಎಲ್ಲರೂ ಐವತ್ತು ಅಂತಾರೆ, ಯಾಕೆ?

ಫುಲ್‌ಫ್ರೇಮ್ ಸೆನ್ಸರ್‌ನ ಕರ್ಣ ಸುಮಾರು 43 ಎಂಎಂ. ಅದಕ್ಕೆ ಹತ್ತಿರವಿರುವ ಲೆನ್ಸ್‌ಗೆ ‘ಸ್ಟ್ಯಾಂಡರ್ಡ್’ ಅನ್ನುವ ಹೆಸರು. 1925ರಲ್ಲಿ ಬಂದ ಮೊದಲ ಲೈಕಾ ಕ್ಯಾಮೆರಾದಲ್ಲಿ ಇದ್ದದ್ದು 50 ಎಂಎಂ ಲೆನ್ಸ್. ಆ ರೂಢಿ ಇವತ್ತಿಗೂ ನಡೆದುಬಂದಿದೆ.

ಆದರೆ ಮೊದಲ ಮಿರರ್‌ಲೆಸ್ ಕೊಂಡ ಎಷ್ಟೋ ಜನರ ಕೈಯಲ್ಲಿರೋದು ಎಪಿಎಸ್-ಸಿ, ಅಂದರೆ ಚಿಕ್ಕ ಸೆನ್ಸರ್. ಅದರಲ್ಲಿ 50 ಎಂಎಂ ಹಾಕಿದರೆ ಸೋನಿ, ನಿಕಾನ್, ಫ್ಯೂಜಿಯಲ್ಲಿ 75ರ ಹಾಗೆ, ಕ್ಯಾನನ್‌ನಲ್ಲಿ 80ರ ಹಾಗೆ ಕಾಣುತ್ತೆ. ಒಬ್ಬರ ಮುಖ ತೆಗೆಯೋಕೆ ಬಹಳ ಚೆನ್ನ. ಮನೆಮಂದಿಯನ್ನೆಲ್ಲ ಸೇರಿಸೋಕೆ ಕಷ್ಟ.

ಲೆಕ್ಕ ಹಾಕಿಯೇ ನೋಡೋಣ. ಮೂರು ಜನ ಕೂರುವ ಸೋಫಾ ಸುಮಾರು ಆರು ಅಡಿ ಅಗಲ. ಎಪಿಎಸ್-ಸಿ ಕ್ಯಾಮೆರಾದಲ್ಲಿ 50 ಎಂಎಂ ಹಾಕಿ ಅದನ್ನು ಪೂರ್ತಿ ಹಿಡಿಯಲು ಸುಮಾರು 13 ಅಡಿ ದೂರ ನಿಲ್ಲಬೇಕು. 35 ಎಂಎಂ ಆದರೆ 9 ಅಡಿ, 24 ಆದರೆ 6 ಅಡಿ ಸಾಕು. ಬಾಡಿಗೆ ಮನೆಯ ಹತ್ತು-ಹನ್ನೆರಡರ ಹಾಲ್‌ನಲ್ಲಿ ಐವತ್ತು ಹಿಡಿದವರು ಬಾಗಿಲಾಚೆ ಮೆಟ್ಟಿಲ ಮೇಲೆ ನಿಂತು ಕ್ಲಿಕ್ ಮಾಡಬೇಕಾಗುತ್ತೆ!

ಹಾಗಾಗಿ ಎಪಿಎಸ್-ಸಿ ಇದ್ದವರಿಗೆ ನನ್ನ ಮೊದಲ ಉತ್ತರ 35ರ ಆಸುಪಾಸು. ಸೋನಿ ಇ 35 ಎಂಎಂ ಎಫ್/1.8 ಇದೆ, ತೂಕ 154 ಗ್ರಾಂ. ಫ್ಯೂಜಿಯ ಎಕ್ಸ್‌ಎಫ್ 35 ಎಂಎಂ ಎಫ್/2 ಇದೆ, 170 ಗ್ರಾಂ. ನಿಕಾನ್‌ನಲ್ಲಿ ಇನ್ನೂ ಅಗಲ ಬೇಕಿದ್ದರೆ ಡಿಎಕ್ಸ್ 24 ಎಂಎಂ ಎಫ್/1.7 ಸಿಗುತ್ತೆ. ಆದರೆ 24 ಹಿಡಿದು ಮುಖಕ್ಕೆ ತೀರಾ ಹತ್ತಿರ ಹೋಗಬೇಡಿ, ಮೂಗು ದೊಡ್ಡದಾಗಿ ಕಾಣುತ್ತೆ. ಫುಲ್‌ಫ್ರೇಮ್ ಇದ್ದರೆ ಐವತ್ತನ್ನೇ ಧೈರ್ಯವಾಗಿ ತಗೊಳ್ಳಿ.

1.8 ಸಾಕೇ, 1.2 ಬೇಕೇ?

ಅಂಗಡಿಯಲ್ಲಿ ಇಎಂಐ ಲೆಕ್ಕ ಶುರುವಾಗೋದು ಇಲ್ಲೇ. 1.8ಕ್ಕಿಂತ 1.2ರಲ್ಲಿ ಬೆಳಕು ಎರಡೂಕಾಲು ಪಟ್ಟು ಹೆಚ್ಚು, ಅಂದರೆ ಒಂದು ಸ್ಟಾಪ್‌ಗಿಂತ ಸ್ವಲ್ಪ ಜಾಸ್ತಿ. ಐಎಸ್‌ಒ 3200 ಬದಲು 1600ಕ್ಕಿಂತ ಸ್ವಲ್ಪ ಕೆಳಗೆ, ಅಷ್ಟೇ. ಬೆಲೆ ಮಾತ್ರ ಹಲವು ಪಟ್ಟು. ತೂಕವೂ ಹಾಗೇ: ಕ್ಯಾನನ್ ಆರ್‌ಎಫ್ 50 ಎಂಎಂ ಎಫ್/1.8 ಕೇವಲ 160 ಗ್ರಾಂ, ಅದರಣ್ಣ ಎಫ್/1.2 ಬರೋಬ್ಬರಿ 950 ಗ್ರಾಂ. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಕ್ಯಾಮೆರಾ ಹಿಡಿಯುವವರಿಗೆ ಈ ವ್ಯತ್ಯಾಸ ಹತ್ತು ನಿಮಿಷದಲ್ಲೇ ಗೊತ್ತಾಗುತ್ತೆ.

ಫೋಕಸ್‌ನ ಆಳವನ್ನೂ ನೋಡಿ. ಫುಲ್‌ಫ್ರೇಮ್‌ನಲ್ಲಿ 50 ಎಂಎಂ ಲೆನ್ಸನ್ನು 1.8ಕ್ಕೆ ಇಟ್ಟು ಒಂದೂವರೆ ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿ ಬರೋದು ಸುಮಾರು 10 ಸೆಂಟಿಮೀಟರ್ ಮಾತ್ರ. 1.2ರಲ್ಲಿ ಅದೂ ಆರೇಳಕ್ಕೆ ಇಳಿಯುತ್ತೆ. ಇಬ್ಬರು ಅಕ್ಕಪಕ್ಕ ಕೂತು ಒಬ್ಬರು ಸ್ವಲ್ಪ ಹಿಂದೆ ಸರಿದರೂ ಒಬ್ಬರ ಮುಖ ಮಸುಕು. ಮದುವೆ ಶೂಟ್ ಮಾಡಿ ದುಡಿಯೋರಿಗೆ 1.2 ಬೇಕಿರಬಹುದು. ಮನೆಗೆ 1.8 ಧಾರಾಳವಾಯ್ತು. ಉಳಿದ ದುಡ್ಡಲ್ಲಿ ಆಲ್ಬಂ ಪ್ರಿಂಟ್ ಹಾಕಿಸಿ, ಊರಲ್ಲಿರೋ ಅಜ್ಜ ಅಜ್ಜಿ ನೋಡೋದು ಅದನ್ನೇ.

ಕೊಳ್ಳುವ ಮುಂಚೆ

ಒಂದು ವಾರ ಕಿಟ್ ಲೆನ್ಸನ್ನು 35ಕ್ಕೆ ಇಟ್ಟು, ಜೂಮ್ ಮುಟ್ಟದೆ ಮನೆಯೊಳಗೆ ಫೋಟೊ ತೆಗೆಯಿರಿ. ಹಿಂದೆ ಹೋಗೋಕೆ ಜಾಗ ಸಾಲುತ್ತಿಲ್ಲ ಅನ್ನಿಸಿದರೆ 24ರ ಕಡೆ ನೋಡಿ. ಸದಾ ಹತ್ತಿರ ಹೋಗಬೇಕು ಅನ್ನಿಸಿದರೆ ಐವತ್ತೇ ನಿಮ್ಮದು.

ಎಷ್ಟು ಹತ್ತಿರದಿಂದ ಫೋಕಸ್ ಆಗುತ್ತೆ ಅನ್ನೋದನ್ನೂ ಕೇಳಿ. ಕ್ಯಾನನ್‌ನ ಆ 1.8 ಲೆನ್ಸ್ 30 ಸೆಂಟಿಮೀಟರ್‌ಗೆ ಬರುತ್ತೆ, ಸೋನಿ ಎಫ್‌ಇ 50 ಎಂಎಂ ಎಫ್/1.8ಗೆ 45 ಬೇಕು. ಕೂಸಿನ ಪುಟ್ಟ ಬೆರಳು ತೆಗೆಯುವಾಗ ಇದು ಮುಖ್ಯ. ವಿಡಿಯೊ ಮಾಡುವವರಾದರೆ ಅಂಗಡಿಯಲ್ಲೇ ಒಂದು ನಿಮಿಷ ರೆಕಾರ್ಡ್ ಮಾಡಿ, ಫೋಕಸ್ ಮೋಟರ್‌ನ ಸದ್ದು ಕೇಳುತ್ತಾ ನೋಡಿ.

ಲೆನ್ಸ್ ಮನೆಗೆ ಬಂದ ಮೇಲೆ ಎರಡು ಮಾತು ನೆನಪಿರಲಿ. ಗುಂಪು ಫೋಟೊಗೆ ಅಪರ್ಚರ್ ಎಫ್/4ಕ್ಕೆ ಇಳಿಸಿ. ಎಲ್‌ಇಡಿ ಬೆಳಕಲ್ಲಿ ಚಿತ್ರದ ಮೇಲೆ ಪಟ್ಟೆ ಪಟ್ಟೆ ಬಂದರೆ ಲೆನ್ಸ್ ಕೆಟ್ಟಿದೆ ಅಂದ್ಕೋಬೇಡಿ. ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್‌ಗೆ ಬದಲಿಸಿ, ಶಟರ್ 1/100 ಇಟ್ಟು ನೋಡಿ.