ಹಿಮದ ದಾರಿಯೂ ತಡೆಗಂಬವೂ

ಹಿಮಾಲಯದ ಎತ್ತರದ ಘಾಟಿಗಳಲ್ಲಿ ಮೊದಲ ಹಿಮವು ಪಂಚಾಂಗವನ್ನು ನೋಡಿಕೊಂಡು ಬೀಳುವುದಿಲ್ಲ. ೨೦೧೮ನೆಯ ಇಸವಿ ಸೆಪ್ಟೆಂಬರಿನಲ್ಲಿ, ನಮ್ಮ ಊರುಗಳಲ್ಲಿ ಅನಂತ ಚತುರ್ದಶಿಯ ಗಣಪತಿಗಳನ್ನು ನೀರಿಗೆ ಬಿಡುತ್ತಿದ್ದ ದಿನಗಳಲ್ಲಿಯೇ, ಹಿಮಾಚಲ ಪ್ರದೇಶದ ಲಾಹೌಲ್ ಸ್ಪೀತಿ ಸೀಮೆಯ ಮೇಲೆ ಹಿಮವು ಸುರಿದು ರೋಹತಾಂಗ್ ಘಾಟಿಯು ಮುಚ್ಚಿಹೋಯಿತು. ನೂರಾರು ಮಂದಿ ಪ್ರವಾಸಿಗಳು ಇದ್ದಲ್ಲಿಯೇ ಸಿಕ್ಕಿಬಿದ್ದರು. ವಾಯುಪಡೆಯ ಹೆಲಿಕಾಪ್ಟರುಗಳು ಹಾರಬೇಕಾಯಿತು. ಇನ್ನೂ ಮುಗಿದಿರದ ಸುರಂಗದ ಮೂಲಕ ಜನರನ್ನು ಈಚೆಗೆ ಸಾಗಿಸಬೇಕಾಯಿತು. ಪ್ರವಾಸಿಗಳ ಸಂಕಟವನ್ನು ದೇಶವೆಲ್ಲ ಕೇಳಿತು. ಹಣ್ಣು ಹೊತ್ತ ಸೇಬಿನ ಗಿಡಗಳು ಹಿಮದ ಭಾರಕ್ಕೆ ಮುರಿದುದರಿಂದ ಲಾಹೌಲಿನ ರೈತನಿಗಾದ ನಷ್ಟವು ಅಷ್ಟಾಗಿ ಯಾರ ಕಿವಿಗೂ ಬೀಳಲಿಲ್ಲ.

ಆ ಸುರಂಗವು ೨೦೨೦ನೆಯ ಅಕ್ಟೋಬರ್ ೩ರಂದು ಅಟಲ್ ಸುರಂಗವೆಂಬ ಹೆಸರಿನಿಂದ ತೆರೆಯಲ್ಪಟ್ಟಿತು. ಒಂಬತ್ತು ಕಿಲೋಮೀಟರು ಉದ್ದದ ಈ ಕಾರ್ಯವು ರಾಷ್ಟ್ರವು ಹೆಮ್ಮೆಪಡತಕ್ಕದ್ದೇ ಸರಿ. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಹೊರಜಗತ್ತಿನ ಸಂಪರ್ಕವಿಲ್ಲದೆ ಇರುತ್ತಿದ್ದ ಆ ಸೀಮೆಯ ರೋಗಿಗಳಿಗೂ ಬಾಣಂತಿಯರಿಗೂ ಇದರಿಂದಾದ ಉಪಕಾರವನ್ನು ನಾವು ಅಲ್ಲಗಳೆಯುವವರಲ್ಲ. ಆದರೆ ೧೩,೦೫೦ ಅಡಿ ಎತ್ತರದ ರೋಹತಾಂಗ್ ಘಾಟಿಯು ಇದುವರೆಗೆ ದ್ವಾರಪಾಲಕನಂತೆಯೂ ಇದ್ದಿತು. ಅದನ್ನು ಏರುವಾಗಲೇ ಮನುಷ್ಯನ ಎದೆಯೂ ಮೋಟಾರಿನ ಯಂತ್ರವೂ ತಮ್ಮ ಶಕ್ತಿಯನ್ನು ಅರಿತುಕೊಳ್ಳುತ್ತಿದ್ದವು. ಈಗ ಕೆಲವೇ ನಿಮಿಷಗಳಲ್ಲಿ ಬೆಟ್ಟದ ಹೊಟ್ಟೆಯಿಂದ ಆಚೆಗೆ ಬಂದವನು, ಬೆಟ್ಟವನ್ನು ಕಾಣದೆಯೇ ಬೆಟ್ಟವನ್ನು ಗೆದ್ದೆನೆಂಬ ಭ್ರಾಂತಿಯಲ್ಲಿ, ೧೬,೦೦೦ ಅಡಿಯ ಬಾರಾಲಾಚಾ ಕಡೆಗೋ ಸ್ಪೀತಿಗೆ ಹೋಗುವ ಕುಂಜುಮ್ ಕಡೆಗೋ ವಾಹನವನ್ನು ತಿರುಗಿಸುತ್ತಾನೆ. ೨೦೧೫ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ರೋಹತಾಂಗಿಗೆ ದಿನಕ್ಕೆ ೧,೨೦೦ ವಾಹನಗಳೆಂದು ಮಿತಿಯನ್ನು ವಿಧಿಸಿದ್ದು ಹೊಗೆಯ ಲೆಕ್ಕದಿಂದ. ಹಿಮದ ಲೆಕ್ಕವೇ ಬೇರೆ. ಹಿಮ ಬಿದ್ದ ಮೇಲೆ ಪೊಲೀಸರು ನಾಲ್ಕು ಚಕ್ರಗಳಿಗೂ ಚಾಲನೆಯುಳ್ಳ, ಸರಪಳಿ ಕಟ್ಟಿದ ವಾಹನಗಳನ್ನು ಮಾತ್ರ ಬಿಡುವುದುಂಟು. ಆದರೆ ಅದು ಬಿದ್ದ ಮೇಲಿನ ಮಾತು.

ಕೆ.ಎ. ಎಂಬ ಅಕ್ಷರಗಳನ್ನು ಹೊತ್ತ ಕಾರುಗಳೂ ಮೋಟಾರು ಸೈಕಲ್ಲುಗಳೂ ಈಗ ಲೇಹ್ ಪಟ್ಟಣದವರೆಗೂ ಕಾಣುತ್ತವೆ. ಚಾರ್ಮಾಡಿ, ಆಗುಂಬೆಗಳ ಮಳೆಯಲ್ಲಿಯೂ ಮಂಜಿನಲ್ಲಿಯೂ ಪಳಗಿದ ನಮ್ಮವರ ಕೈಚಳಕಕ್ಕೆ ಕೊರತೆಯಿಲ್ಲ. ಆದರೆ ಶರತ್ಕಾಲದ ಮೊದಲ ಹಿಮದ ಕಪಟವನ್ನು ಘಟ್ಟದ ಮಳೆಯು ಕಲಿಸಲಾರದು. ನೆಲದಲ್ಲಿ ಬೇಸಿಗೆಯ ಕಾವು ಇನ್ನೂ ಉಳಿದಿರುವುದರಿಂದ ಬಿದ್ದ ಹಿಮವು ತಳದಲ್ಲಿ ಕರಗುತ್ತದೆ. ಚಕ್ರಗಳು ಅದನ್ನು ಅದುಮುತ್ತವೆ. ಸೂರ್ಯನು ಮರೆಯಾದೊಡನೆ ಅದೇ ನೀರು ಗಾಜಿನಂತೆ ಹೆಪ್ಪುಗಟ್ಟಿ ರಸ್ತೆಯ ಬಣ್ಣವನ್ನೇ ತಾಳುತ್ತದೆ. ಬಿಸಿಲು ತಾಗದ ತಿರುವುಗಳಲ್ಲಿ ಅದು ಮಧ್ಯಾಹ್ನಕ್ಕೂ ಕರಗದು. ಅಂಥ ಕಡೆ ಗಾಬರಿಯಿಂದ ಬ್ರೇಕನ್ನು ತುಳಿದವನ ಚಕ್ರಗಳು ನಿಲ್ಲುತ್ತವೆ, ವಾಹನವು ನಿಲ್ಲುವುದಿಲ್ಲ. ರಸ್ತೆಯು ಬಾಗಿದರೂ ಅದು ನೇರವಾಗಿ ಜಾರುತ್ತದೆ. ಕೆಳಗಿನ ಗಿಯರಿನಲ್ಲಿ ಯಂತ್ರದ ಬಿಗಿತದಿಂದಲೇ ಮೆಲ್ಲನೆ ಇಳಿಯಬೇಕೆಂಬುದನ್ನು ಅಲ್ಲಿಯ ಲಾರಿಯವರು ಬಲ್ಲರು. ಬಯಲುಸೀಮೆಯಲ್ಲಿ ತುಂಬಿಸಿಕೊಂಡ ಡೀಸೆಲ್ಲು ಅತಿ ಚಳಿಯಲ್ಲಿ ಮೇಣದಂತಾಗುತ್ತದೆ; ಲಡಾಖಿಗಾಗಿ ಶೂನ್ಯಕ್ಕಿಂತ ೩೩ ಡಿಗ್ರಿ ಕೆಳಗೂ ಹರಿಯುವ ಡೀಸೆಲ್ಲನ್ನು ೨೦೧೯ರಲ್ಲಿ ಹೊರಡಿಸಬೇಕಾದುದು ಇದೇ ಕಾರಣದಿಂದ. ಇನ್ನು, ಸಿಕ್ಕಿಬಿದ್ದವರು ಕಿಟಕಿಗಳನ್ನು ಮುಚ್ಚಿ ಯಂತ್ರವನ್ನು ನಡೆಸುತ್ತ ನಿದ್ರಿಸಿದರೆ, ಹೊಗೆಕೊಳವೆಗೆ ಹಿಮವು ಅಡ್ಡವಾಗಿ ವಿಷವಾಯುವು ಒಳಕ್ಕೆ ತುಂಬುತ್ತದೆ. ೨೦೨೨ನೆಯ ಜನವರಿಯಲ್ಲಿ ಪಾಕಿಸ್ತಾನದ ಮರೀ ಗಿರಿಧಾಮದ ದಾರಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನರು ಮೋಟಾರುಗಳೊಳಗೇ ಸತ್ತುದನ್ನು ವಾಚಕರು ಮರೆತಿರಲಾರರು.

ತನ್ನ ಪ್ರಾಣ, ತನ್ನ ಇಚ್ಛೆ ಎನ್ನುವವರುಂಟು. ಈ ವಾದವನ್ನು ನಾವು ಒಪ್ಪಲಾರೆವು. ಅಕ್ಟೋಬರಿನ ಆ ವಾರಗಳು ವಿಹಾರದ ವಾರಗಳಲ್ಲ. ಚಳಿಗಾಲಕ್ಕೆ ಬೇಕಾದ ಧಾನ್ಯ, ಎಣ್ಣೆ, ಸೈನ್ಯದ ಸಾಮಗ್ರಿಗಳು ಲಡಾಖಿಗೆ ಏರುವುದೂ, ಲಾಹೌಲಿನ ಆಲೂಗೆಡ್ಡೆ ಪೇಟೆಗೆ ಇಳಿಯುವುದೂ ಆಗಲೇ. ಒಂದೇ ವಾಹನಕ್ಕೆ ಎಡೆಯಿರುವ ತಿರುವಿನಲ್ಲಿ ಅಡ್ಡಲಾಗಿ ನಿಂತ ಒಂದು ಸಣ್ಣ ಕಾರು ಅದರ ಹಿಂದಿನ ಲಾರಿಗಳ ಸಾಲನ್ನೇ ತಡೆಯುತ್ತದೆ. ಅದನ್ನು ಎಳೆದು ತೆಗೆಯಲು ನಡುರಾತ್ರಿಯಲ್ಲಿ ಏಳಬೇಕಾದವರು ಗಡಿರಸ್ತೆ ಸಂಸ್ಥೆಯ ಕೂಲಿಗಳು. ಝಾರ್ಖಂಡದಿಂದಲೂ ಬಿಹಾರದಿಂದಲೂ ನೇಪಾಳದಿಂದಲೂ ಹೊಟ್ಟೆಪಾಡಿಗಾಗಿ ಬಂದು, ತಗಡಿನ ಮನೆಗಳಲ್ಲಿ ವಾಸಿಸುವವರು. ಅವರ ಪ್ರಾಣವೂ ಪ್ರಾಣವೇ ಅಲ್ಲವೆ?

ಯುದ್ಧಕಾಲದಲ್ಲಿ ನಮ್ಮವರು ಇದೇ ಹಿಮದ ದಾರಿಯನ್ನು ನಡೆಸಿದ ಬಗೆಯು ಬೇರೆಯಾಗಿದ್ದಿತು. ೧೯೪೮ನೆಯ ನವೆಂಬರ್ ೧ರಂದು, ಕೊಡಗಿನವರಾದ ಜನರಲ್ ತಿಮ್ಮಯ್ಯನವರ ನಾಯಕತ್ವದಲ್ಲಿ ೧೧,೫೦೦ ಅಡಿಗೂ ಎತ್ತರದ ಜೋಜಿಲಾ ಘಾಟಿಯ ಮೇಲೆ ಟ್ಯಾಂಕುಗಳು ಏರಿ ಶತ್ರುವನ್ನು ಬೆರಗುಗೊಳಿಸಿದುವು. ಟ್ಯಾಂಕುಗಳ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದಕ್ಕೆ ಮೊದಲು ಹೇಸರಗತ್ತೆಯ ಕಾಲುದಾರಿಯನ್ನು ವಾಹನದ ದಾರಿಯನ್ನಾಗಿ ಅಗೆದವರು, ಬೆಂಗಳೂರಿನಲ್ಲಿ ನೆಲೆಯುಳ್ಳ ಮದರಾಸ್ ಸ್ಯಾಪರ್ಸ್ ದಳದವರು. ಸಿದ್ಧತೆಯು ಮುಂದೆ, ಚಕ್ರವು ಹಿಂದೆ. ಚಳಿಗಾಲದಲ್ಲಿ ಹಿಂದೆ ತಿಂಗಳುಗಟ್ಟಲೆ ಮುಚ್ಚಿರುತ್ತಿದ್ದ ಅದೇ ಜೋಜಿಲಾ ೨೦೨೫ರಲ್ಲಿ ೩೨ ದಿನಗಳ ತರುವಾಯ ತೆರೆಯಿತು. ಈ ಸಾಹಸವನ್ನು ಮೆಚ್ಚುತ್ತಲೇ ಒಂದು ಮಾತನ್ನು ಹೇಳಬೇಕಾಗಿದೆ: ದಾರಿಯು ತೆರೆದಿದೆಯೆಂದರೆ ಹಿಮವಿಲ್ಲವೆಂಬ ಹಳೆಯ ಅರ್ಥವು ಈಗ ಉಳಿದಿಲ್ಲ.

ಆದಕಾರಣ ಸರಕಾರದವರು ಕೇಲಾಂಗ್, ಕಾಜಾ, ಕಾರ್ಗಿಲ್‌ಗಳ ಅಧಿಕಾರಿಗಳಿಗೆ, ಹವಾಮಾನ ಇಲಾಖೆಯ ಮುನ್ಸೂಚನೆಯೊಂದರ ಮೇಲೆಯೇ ವಿಹಾರದ ವಾಹನಗಳನ್ನು ತಡೆದು ಲಾರಿಗಳನ್ನು ಮುಂದೆ ಬಿಡುವ ಅಧಿಕಾರವನ್ನು ಸ್ಪಷ್ಟವಾಗಿ ಕೊಡಬೇಕು. ದೊಡ್ಡವರ ಶಿಫಾರಸಿಗೆ ನಾಕೆಯ ತಡೆಗಂಬವು ಏಳಕೂಡದು. ಮತ್ತು ತಡೆಗಂಬವನ್ನು ಇಳಿಸಿದ ದಿನ ಹಿಮವು ಬೀಳದೆ ಹೋದರೆ, ಹೋಟೆಲಿನವರೂ ಪ್ರವಾಸಿಗಳೂ ಎಷ್ಟೇ ಕೂಗಿಕೊಂಡರೂ, ಆ ಅಧಿಕಾರಿಯಿಂದ ಮೇಲಿನವರು ಸಮಜಾಯಿಷಿಯನ್ನು ಕೇಳಬಾರದು.