ನಡೆದಾಡುವ ಕುರಿಹಟ್ಟಿ

ಆಸ್ಟ್ರೇಲಿಯಕ್ಕೆ ಹೋದ ಪ್ರವಾಸಿಗೆ ಅಲ್ಲಿಯವರು ನೂರು ವರ್ಷ ಮೀರಿದ ಕುರಿಸಾಕಣೆಯ ನೆಲೆಗಳನ್ನು ಅಭಿಮಾನದಿಂದ ತೋರಿಸುವುದುಂಟು. ಉಣ್ಣೆ ಕತ್ತರಿಸುವ ಮರದ ಚಾವಡಿ, ಯಜಮಾನನ ಬಂಗಲೆ ಎಲ್ಲವೂ ನೋಡತಕ್ಕವೇ. ರಾಯಚೂರಿನ ಸೀಮೆಯಲ್ಲಿ ಅಂಥದನ್ನು ಕಾಣಬಯಸುವವರು ಮಾತ್ರ ಕಟ್ಟಡವನ್ನು ಹುಡುಕಬಾರದು. ಇಲ್ಲಿಯ ಕುರಿಹಟ್ಟಿಗೆ ಗೋಡೆಯಿಲ್ಲ, ಅದು ನಡೆದಾಡುತ್ತದೆ.

ಹಿಂಗಾರಿ ಜೋಳದ ಸುಗ್ಗಿ ಮುಗಿದ ಮೇಲೆ ರಾಯಚೂರು ನಗರದಿಂದ ದೇವದುರ್ಗದ ದಾರಿ ಹಿಡಿದವರಿಗೆ ಅದು ಎರೆಹೊಲದಲ್ಲಿ ಕಾಣಸಿಗುತ್ತದೆ. ಬಲೆಯ ಬೇಲಿ, ಮರಿಗಳಿಗೊಂದು ಪುಟ್ಟ ಆವರಣ, ಒಂದೆರಡು ನಾಯಿ, ಹೆಗಲ ಮೇಲೆ ಕರಿಕಂಬಳಿ ಹೊತ್ತ ಕುರಿಗಾಹಿ: ಇಷ್ಟೇ ಸಂಸಾರ. ಹಗಲೆಲ್ಲ ಕೂಳೆ ಮೇಯ್ದ ಹಿಂಡನ್ನು ಇರುಳು ಹೊಲದಲ್ಲಿ ತರುಬುತ್ತಾರೆ. ಹಿಕ್ಕೆ ಮೂತ್ರಗಳಿಂದ ನೆಲಕ್ಕೆ ಗೊಬ್ಬರ. ಪ್ರತಿಯಾಗಿ ರೈತನಿಂದ ಕಾಳು ಅಥವಾ ಹಣ. ಮರುದಿನ ಬೇಲಿ ಪಕ್ಕಕ್ಕೆ ಸರಿಯುತ್ತದೆ.

ಈ ವೃತ್ತಿಯ ಪ್ರಾಚೀನತೆ ಅಲ್ಪವಲ್ಲ. ಇದೇ ಜಿಲ್ಲೆಯಲ್ಲಿ, ಮುದಗಲ್ಲಿನ ಸಮೀಪದ ಪಿಕಳಿಹಾಳದಲ್ಲಿ 1952ರಲ್ಲಿ ಉತ್ಖನನ ನಡೆಸಿದ ಆಲ್ಚಿನ್ ಅವರು ನವಶಿಲಾಯುಗದ ಪಶುಪಾಲಕರ ನೆಲೆಯನ್ನು ಬೆಳಕಿಗೆ ತಂದರು. ಇಂದಿನ ಹಿಂಡಿನಲ್ಲಿ ಮಾಂಸಕ್ಕೆ ಹೆಸರಾದ ಕೆಂಗುರಿಯುಂಟು. ಒರಟು ಉಣ್ಣೆಯ ಕರಿಯ ದಖ್ಖನಿ ಕುರಿಯೂ ಉಂಟು. ಆ ಉಣ್ಣೆಯನ್ನೇ ನೂತು, ನೆಯ್ದು, ಹುಣಸೆಬೀಜದ ಗಂಜಿ ಹಾಕಿದರೆ ಮಳೆಗೂ ಚಳಿಗೂ ಆಗುವ ಕಂಬಳಿ ಸಿದ್ಧ.

ನಗರದಿಂದ ಹಟ್ಟಿ ನೋಡಲು ಬಂದ ಕುಟುಂಬವೊಂದರ ಹುಡುಗ ಮುದುಕ ಕುರಿಗಾಹಿಯನ್ನು ಕೇಳಿದ: "ಅಜ್ಜಾ, ನಿಮ್ಮೂರು ಯಾವುದು?"

"ಕುರಿ ಎಲ್ಲಿ ಮಲಗ್ತಾವೋ ಅದ ನಮ್ಮೂರು, ತಮ್ಮಾ."

"ಮಾನ್ವಿಯ ಕಡೆಗೂ ಹೋಗುವಿರೇನು?" ಎಂದರು ಹುಡುಗನ ತಂದೆ.

"ಮೊದಲ ಹೋಗ್ತಿದ್ವಿರಿ. ಈಗ ಅಲ್ಲಿ ನೀರು ಬಂದೈತಿ. ನೆಲ್ಲಿನ ಗದ್ದ್ಯಾಗ ಕುರಿ ಎಲ್ಲಿ ನಿಲ್ಲಸೂದ್ರೀ?"

ಮಾತಿನಲ್ಲಿ ದೂರಿರಲಿಲ್ಲ. ಬರವನ್ನುಂಡ ಸೀಮೆಗೆ ನೀರು ಬೇಡವೆನ್ನುವವರಾರು? ತುಂಗಭದ್ರೆಯ ಎಡದಂಡೆ ಕಾಲುವೆ ಮಾನ್ವಿಯ ಜೋಳದ ಹೊಲಗಳನ್ನು ಭತ್ತದ ಗದ್ದೆಗಳನ್ನಾಗಿಸಿತು. ನಾರಾಯಣಪುರದ ಬಲದಂಡೆ ಕಾಲುವೆ ದೇವದುರ್ಗಕ್ಕೂ ಕೃಷ್ಣೆಯ ನೀರನ್ನು ತಂದಿತು. ವರ್ಷಕ್ಕೆರಡು ಬೆಳೆ ತೆಗೆಯುವ ಗದ್ದೆಯಲ್ಲಿ ಕೂಳೆ ಮೇಯಲು ಬಿಡುವೆಲ್ಲಿ? ರೈತನ ಸುಖ ಹೆಚ್ಚಿದಷ್ಟೂ ಕುರಿಗಾಹಿಯ ದಾರಿ ದೀರ್ಘವಾಗುತ್ತದೆ.

ಬಂದವರು ಹೊರಡುವ ಹೊತ್ತಿಗೆ ಹೊಲದೊಡೆಯ ಬದುವಿನ ಮೇಲೆ ನಿಂತು, "ಇನ್ನೆರಡು ರಾತ್ರಿ ಇದ್ದು ಹೋಗು, ಅಜ್ಜಾ" ಎನ್ನುತ್ತಿದ್ದ. ಮುದುಕ ಉತ್ತರ ಕೊಡಲಿಲ್ಲ. ಕಿತ್ತಿಟ್ಟಿದ್ದ ಗೂಟವೊಂದನ್ನು ಮತ್ತೆ ನೆಲಕ್ಕೆ ನೆಟ್ಟ.