ವೈದ್ಯರ ಕಲಿಕೆಗೂ ನವೀಕರಣ ಬೇಕು



ನಮ್ಮ ತಾಯಿಗೆ ಎಪ್ಪತ್ತೆರಡು ವರ್ಷ. ಸಕ್ಕರೆ ಕಾಯಿಲೆಗೆ ಹತ್ತು ವರ್ಷದ ಹಿಂದೆ ಬರೆದುಕೊಟ್ಟ ಗ್ಲಿಬೆನ್‌ಕ್ಲಾಮೈಡ್ ಮಾತ್ರೆಯನ್ನೇ, ಹಳೆಯ ಚೀಟಿ ನೋಡಿಕೊಂಡು, ವೈದ್ಯರು ಮೊನ್ನೆಮೊನ್ನೆವರೆಗೂ ಬರೆಯುತ್ತಿದ್ದರು. ಒಂದು ದಿನ ಬೆಳಗಿನ ಜಾವ ಮೈಯೆಲ್ಲ ಬೆವರು, ಕರೆದರೆ ಮಾತಿಲ್ಲ. ಸಕ್ಕರೆ ನಲವತ್ತಕ್ಕೆ ಇಳಿದಿತ್ತು. ವಯಸ್ಸಾದವರಿಗೆ, ಅದರಲ್ಲೂ ಮೂತ್ರಪಿಂಡ ಸೋತವರಿಗೆ, ಈ ಮಾತ್ರೆ ಅಪಾಯ ಎಂಬುದು ಹೊಸ ಸಂಗತಿಯಲ್ಲ.

ವೈದ್ಯರ ತಿಳಿವಳಿಕೆ ಹಳತಾಗದಿರಲೆಂದು ನಿಯಮವೇನೋ ಇದೆ: ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಂತೆ ವೈದ್ಯರು ಐದು ವರ್ಷದಲ್ಲಿ ಕನಿಷ್ಠ 30 ಗಂಟೆ ನಿರಂತರ ವೈದ್ಯಕೀಯ ಶಿಕ್ಷಣ ಪಡೆಯಬೇಕು. ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿಯೂ ಐದು ವರ್ಷಕ್ಕೊಮ್ಮೆ ನವೀಕರಣವಾಗಬೇಕು. ಆದರೆ ಸಭಾಂಗಣದಲ್ಲಿ ಕುಳಿತು ಬಂದರಷ್ಟೇ ಸಾಕೆ? ಬ್ರಿಟನ್ನಿನಲ್ಲಿ 2012ರ ಡಿಸೆಂಬರ್‌ನಿಂದ ತಜ್ಞರೂ ಸಾಮಾನ್ಯ ವೈದ್ಯರೂ ಐದು ವರ್ಷಕ್ಕೊಮ್ಮೆ ಮರುಮಾನ್ಯತೆ ಪಡೆಯುತ್ತಾರೆ. ಅಲ್ಲಿ ರೋಗಿಗಳ ಅಭಿಪ್ರಾಯಕ್ಕೂ ಬೆಲೆಯಿದೆ.

ನಮ್ಮ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಎಷ್ಟೋ ಕ್ಲಿನಿಕ್‌ಗಳಲ್ಲಿ ಒಬ್ಬರೇ ವೈದ್ಯರು ಬೆಳಗಿನಿಂದ ರಾತ್ರಿವರೆಗೆ ದುಡಿಯುತ್ತಾರೆ. ಬಾಗಿಲು ಮುಚ್ಚಿ ಕಲಿಯಲು ಬೆಂಗಳೂರಿಗೆ ಹೋಗಿ ಎಂದು ಅವರಿಗೆ ಹೇಳುವುದು ನ್ಯಾಯವಲ್ಲ. ಮಂಡ್ಯದ ಮಿಮ್ಸ್ ವೈದ್ಯಕೀಯ ಕಾಲೇಜು, ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ನಮ್ಮ ಜಿಲ್ಲೆಯಲ್ಲೇ ಇವೆ. ತಿಂಗಳಿಗೊಂದು ಭಾನುವಾರ ತಾಲ್ಲೂಕು ಆಸ್ಪತ್ರೆಗಳಲ್ಲೇ ಅವು ತರಗತಿ ನಡೆಸಲಿ. ನವೀಕರಣಕ್ಕೆ ಮುನ್ನ ಒಂದು ಪರೀಕ್ಷೆಯೂ ಇರಲಿ. ನವೀಕರಣದ ದಿನಾಂಕ ಕ್ಲಿನಿಕ್ಕಿನ ಬೋರ್ಡಿನ ಮೇಲೆ ಜನರಿಗೆ ಕಾಣಲಿ.

ಇದು ವೈದ್ಯರ ಮೇಲಿನ ಅನುಮಾನವಲ್ಲ. ಅವರ ಕೈಗೆ ಜೀವ ಒಪ್ಪಿಸುವ ನಮ್ಮ ನಂಬಿಕೆಯನ್ನು ಉಳಿಸಿಕೊಳ್ಳುವ ದಾರಿ.

– ಓದುಗ, ಪಾಂಡವಪುರ ತಾಲ್ಲೂಕು